ಹವಾಯಿಯ ಲೋಮಿಲೋಮಿ ಮಸಾಜ್: ಜಯನಗರ, ಜೆ.ಪಿ. ನಗರದಲ್ಲಿ ಕಲಿಯಲು ಹೊರಟವರಿಗೆ

ಬೆಂಗಳೂರು ದಕ್ಷಿಣದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಸ್ಪಾ ಬೋರ್ಡುಗಳಿಗೆ ಬರವಿಲ್ಲ. ಇಂಥ ಸ್ಪಾಗಳ ದರಪಟ್ಟಿಯಲ್ಲಿ ಸ್ವೀಡಿಷ್, ಥಾಯ್, ಬಾಲಿನೀಸ್ ಹೆಸರುಗಳ ಜೊತೆ ಒಮ್ಮೊಮ್ಮೆ ‘ಲೋಮಿಲೋಮಿ’ ಎಂಬ ಹೆಸರೂ ಕಾಣುತ್ತದೆ. ಇದನ್ನು ಕಲಿತರೆ ಒಳ್ಳೆಯ ಸಂಬಳದ ಕೆಲಸ ಸಿಗುತ್ತದೆ, ಹೊರದೇಶಕ್ಕೂ ಹೋಗಬಹುದು ಎಂದು ನಂಬಿ ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕೊನೆಯಲ್ಲಿ ಕೈಗೆ ಬರುವ ಸರ್ಟಿಫಿಕೇಟಿಗೆ ಬೆಲೆ ಕೊಡುವವರು ಯಾರು?

ಲೋಮಿಲೋಮಿ ಎಂದರೇನು?

ಹವಾಯಿ ಭಾಷೆಯಲ್ಲಿ ‘ಲೋಮಿ’ ಎಂದರೆ ಒತ್ತುವುದು, ನಾದುವುದು. ನಾವು ‘ಒತ್ತಿ ಒತ್ತಿ’ ಎನ್ನುವಂತೆ ಅವರೂ ಪದವನ್ನು ಎರಡು ಸಲ ಹೇಳುತ್ತಾರೆ. ಬೆರಳು, ಅಂಗೈಗಳ ಜೊತೆಗೆ ಮುಂಗೈಯನ್ನೂ ಬಳಸಿ ಉದ್ದಕ್ಕೆ ಎಳೆದು ನೀವುವುದು ಇಂದಿನ ಸ್ಪಾ ಲೋಮಿಲೋಮಿಯ ಗುರುತು. ಮೂಲದಲ್ಲಿ ಇದು ಪ್ರಾರ್ಥನೆ, ಗಿಡಮೂಲಿಕೆಗಳೊಂದಿಗೆ ಸೇರಿಕೊಂಡಿದ್ದ ಮನೆವೈದ್ಯ. ಕುಟುಂಬದ ಹಿರಿಯರು ಮಕ್ಕಳು ಮೊಮ್ಮಕ್ಕಳಲ್ಲಿ ತಕ್ಕವರನ್ನು ಆರಿಸಿ ಕಲಿಸುತ್ತಿದ್ದರು. ಮನೆಯಿಂದ ಮನೆಗೆ ಪದ್ಧತಿ ಬೇರೆಯಾಗಿತ್ತು. ಆದ್ದರಿಂದ ‘ಅಸಲಿ ಲೋಮಿಲೋಮಿ ಇದೊಂದೇ’ ಎನ್ನುವ ಜಾಹೀರಾತನ್ನು ಸುಲಭವಾಗಿ ನಂಬಬೇಡಿ.

ಹೊರಗಿನವರಿಗೆ ಇದನ್ನು ತೆರೆದ ತರಗತಿಗಳಲ್ಲಿ ಕಲಿಸಿ ಹೆಸರಾದವರು ಹವಾಯಿ ದ್ವೀಪದ ಮಾರ್ಗರೆಟ್ ಮಚಾಡೊ (1916–2009). ಸ್ಪಾಗಳಲ್ಲಿ ‘ಕಹುನಾ’ ಅಥವಾ ‘ದೇವಾಲಯ ಶೈಲಿ’ ಎಂದು ಮಾರಾಟವಾಗುವ ಬಗೆ ಬಹುಪಾಲು ಏಬ್ರಹಾಂ ಕವಾಯಿ ಎಂಬ ಇನ್ನೊಬ್ಬ ಗುರುವಿನಿಂದ ಹರಡಿದ್ದು.

ವಾರಾಂತ್ಯದ ಸರ್ಟಿಫಿಕೇಟ್ ಸಾಕೇ?

ಹವಾಯಿಯಲ್ಲೇ ಹಣ ಪಡೆದು ಮಸಾಜ್ ಮಾಡಲು ರಾಜ್ಯದ ಪರವಾನಗಿ ಬೇಕು. ಅದಕ್ಕೆ 570 ಗಂಟೆಗಳ ತರಬೇತಿ ಕಡ್ಡಾಯ. ಅದರಲ್ಲಿ 420 ಗಂಟೆ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡುವ ಅಭ್ಯಾಸ. ಉಳಿದದ್ದು ಅಂಗರಚನೆ, ಶರೀರಕ್ರಿಯೆ ಮತ್ತು ಮಸಾಜಿನ ಪಾಠ. ಶನಿವಾರ, ಭಾನುವಾರ ದಿನಕ್ಕೆ ಎಂಟು ಗಂಟೆ ಕುಳಿತರೂ ಆಗುವುದು 16 ಗಂಟೆ. ಅಷ್ಟಕ್ಕೆ ‘ಅಂತರರಾಷ್ಟ್ರೀಯ ಸರ್ಟಿಫಿಕೇಟ್’ ಕೊಡುತ್ತೇವೆ ಎಂದರೆ, ಅದು ನೀವು ತರಗತಿಗೆ ಬಂದಿದ್ದಿರಿ ಎಂಬುದಕ್ಕೆ ಪತ್ರ, ಅಷ್ಟೆ.

ನಮ್ಮಲ್ಲಿ ಮಸಾಜ್ ವೃತ್ತಿಗೆಂದೇ ಪ್ರತ್ಯೇಕ ಪರವಾನಗಿ ಮಂಡಳಿ ಇಲ್ಲ. ಹಾಗಾಗಿ ಯಾರು ಬೇಕಾದರೂ ತರಗತಿ ತೆರೆದು ಚಿನ್ನದ ಬಣ್ಣದ ಮುದ್ರೆ ಒತ್ತಿಕೊಡಬಹುದು. ಅದನ್ನು ಪರೀಕ್ಷಿಸುವ ಹೊಣೆ ಕಲಿಯುವವರ ಮೇಲೇ ಬೀಳುತ್ತದೆ.

ಹತ್ತಿರದಲ್ಲಿರುವ ಗಟ್ಟಿ ದಾರಿಗಳು

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಜಯನಗರ 4ನೇ ಟಿ ಬ್ಲಾಕ್‌ನಲ್ಲೇ. 1996ರಲ್ಲಿ ಆರಂಭವಾದ ಇದರ ಅಡಿಯಲ್ಲಿ ರಾಜ್ಯದ ಫಿಸಿಯೋಥೆರಪಿ, ಆಯುರ್ವೇದ, ಪ್ರಕೃತಿ ಚಿಕಿತ್ಸೆಯ ಕಾಲೇಜುಗಳಿವೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ಇವು ನಾಲ್ಕು ವರ್ಷಕ್ಕೂ ಮೇಲ್ಪಟ್ಟ ಪದವಿಗಳು. ಕೈಚಿಕಿತ್ಸೆ, ಅಭ್ಯಂಗ, ಮಸಾಜ್ ಇವುಗಳ ಪಾಠದ ಭಾಗ. ನೋವಿಗೆ ಚಿಕಿತ್ಸೆ ಕೊಡುವುದೇ ನಿಮ್ಮ ಆಸೆಯಾದರೆ ದಾರಿ ಇದು.

ಅಷ್ಟು ವರ್ಷ ಓದಲಾಗದವರಿಗೆ ಕೇಂದ್ರ ಸರ್ಕಾರದ ಕೌಶಲ ಚೌಕಟ್ಟಿನಲ್ಲಿ ‘ಸ್ಪಾ ಥೆರಪಿಸ್ಟ್’, ‘ಪಂಚಕರ್ಮ ಟೆಕ್ನಿಷಿಯನ್’ ಎಂಬ ಕೆಲಸಗಳಿಗೆ ನಿಗದಿಯಾದ ಪಠ್ಯಕ್ರಮಗಳಿವೆ. ಸಂಸ್ಥೆಗೆ ಮಾನ್ಯತೆ ಇದೆ ಎಂದು ಅವರು ಹೇಳಿದರೆ, ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿ ನೀವೇ ಹುಡುಕಿ ನೋಡಿ. ಇಂಥ ತಳಪಾಯ ಹಾಕಿಕೊಂಡ ಮೇಲೆ ಲೋಮಿಲೋಮಿ ತರಗತಿಗೆ ಸೇರಿದರೆ ಅದು ಹೆಚ್ಚುವರಿ ಕೌಶಲವಾಗಿ ಉಪಯೋಗಕ್ಕೆ ಬರುತ್ತದೆ.

ಮಸಾಜಿನ ಸುತ್ತಲಿನ ನಂಬಿಕೆಗಳು

ಎಣ್ಣೆ ಸ್ನಾನ ನಮಗೆ ಹೊಸದಲ್ಲ. ನರಕ ಚತುರ್ದಶಿಯ ಅಭ್ಯಂಜನ, ಗರಡಿ ಮನೆಯ ಮಾಲೀಸು, ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯ ಕೈ, ಇವೆಲ್ಲದರ ಹಾಯಿ ನಮಗೆ ಗೊತ್ತು. ಆದರೆ ಹಾಯಿ ಎನಿಸುವುದಕ್ಕೂ ಕಾಯಿಲೆ ಗುಣವಾಗುವುದಕ್ಕೂ ಅಂತರವಿದೆ.

‘ಮಸಾಜ್ ದೇಹದ ವಿಷವನ್ನು ಹೊರಹಾಕುತ್ತದೆ’ ಎಂಬುದಕ್ಕೆ ಆಧಾರವಿಲ್ಲ. ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ‘ಲ್ಯಾಕ್ಟಿಕ್ ಆಮ್ಲ ಕರಗಿ ಮೈಕೈ ನೋವು ಹೋಗುತ್ತದೆ’ ಎನ್ನುವುದೂ ಸರಿಯಲ್ಲ. ವ್ಯಾಯಾಮದ ನಂತರ ಸುಮಾರು ಒಂದು ಗಂಟೆಯಲ್ಲಿ ಅದು ತಾನಾಗಿಯೇ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಸೊಂಟನೋವಿಗೆ ಮಸಾಜ್ ಕುರಿತ 25 ಪ್ರಯೋಗಗಳನ್ನು 2015ರ ಕಾಕ್ರೇನ್ ವಿಮರ್ಶೆ ಒಟ್ಟಾಗಿ ಪರಿಶೀಲಿಸಿತು. ಸ್ವಲ್ಪ ಕಾಲ ನೋವು ತಗ್ಗಬಹುದು, ಆದರೆ ಪುರಾವೆಯ ಗುಣಮಟ್ಟ ಬಹಳ ಕಡಿಮೆ ಎಂಬುದು ಅದರ ತೀರ್ಮಾನ.

ಯಾರ ಮೈಮೇಲೆ ಕೈ ಇಡಬಾರದು?

ಒಳ್ಳೆಯ ತರಬೇತಿಯ ಗುರುತು ಇಲ್ಲಿದೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ನೀವಿದರೆ ಗಡ್ಡೆ ಕದಲಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತು ಬರಬಹುದು. ಇಂಥವರನ್ನು ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ಜ್ವರ, ಚರ್ಮದ ಸೋಂಕು, ಹೊಸ ಗಾಯ ಅಥವಾ ಮೂಳೆ ಮುರಿತ ಇದ್ದಾಗ ಮಸಾಜ್ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆ ಸವೆದವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು.

ಹಣ ಕಟ್ಟುವ ಮೊದಲು ಕೇಳಿ

• ಕಲಿಸುವವರು ಯಾರಿಂದ, ಎಲ್ಲಿ, ಎಷ್ಟು ಗಂಟೆ ಕಲಿತರು?
• ಅಂಗರಚನೆಯ ಪಾಠ ಇದೆಯೇ? ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ಅಭ್ಯಾಸ?
• ಯಾರಿಗೆ ಮಸಾಜ್ ಮಾಡಬಾರದು ಎಂಬುದನ್ನು ಹೇಳಿಕೊಡುತ್ತಾರೆಯೇ?
• ಒಪ್ಪಿಗೆ ಪಡೆಯುವುದು, ಮೈ ಮುಚ್ಚುವ ಬಟ್ಟೆ, ಗ್ರಾಹಕರು ಅಸಭ್ಯವಾಗಿ ವರ್ತಿಸಿದರೆ ಕೆಲಸ ನಿಲ್ಲಿಸುವ ಹಕ್ಕು, ಇವುಗಳ ಬಗ್ಗೆ ಪಾಠ ಇದೆಯೇ?
• ಹೊರದೇಶದ ಕೆಲಸ ಎಂದರೆ ಯಾವ ದೇಶ? ಅಲ್ಲಿನ ಪರವಾನಗಿಗೆ ಈ ಪತ್ರ ನಡೆಯುತ್ತದೆಯೇ?
• ಅರ್ಧಕ್ಕೆ ಬಿಟ್ಟರೆ ಹಣ ವಾಪಸು ಬರುತ್ತದೆಯೇ? ರಸೀದಿ ಕೊಡುತ್ತಾರೆಯೇ?

ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಬರೆದುಕೊಡಲು ಹಿಂಜರಿಯುವ ಕಡೆ ಮುಂಗಡ ಕಟ್ಟದಿರುವುದೇ ಕ್ಷೇಮ.