ಬಯೋಇನ್ಫರ್ಮ್ಯಾಟಿಕ್ಸ್

ಡಿಎನ್‌ಎ, ಪ್ರೋಟೀನ್ ಮೊದಲಾದವುಗಳ ಮಾಹಿತಿಯನ್ನು ಕಂಪ್ಯೂಟರಿನ ನೆರವಿನಿಂದ ಸಂಗ್ರಹಿಸಿ ವಿಶ್ಲೇಷಿಸುವ ಶಾಸ್ತ್ರ. ಬೆಂಗಳೂರಿನ ಹೊರವಲಯದ ಎರಡು ಸಂಸ್ಥೆಗಳ ಹೆಸರಿನಲ್ಲೇ ಈ ಪದವಿದೆ: ವೈಟ್‌ಫೀಲ್ಡ್‌ನಲ್ಲಿ 2002ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿ. ಪದದ ಮೊದಲ ಭಾಗ ‘ಜೀವನ’ ಎಂಬರ್ಥದ ಗ್ರೀಕಿನ ‘ಬಿಯೊಸ್’. ನಡುವಿನದು ‘ರೂಪ ಕೊಡು’ ಎಂಬರ್ಥದ ಲ್ಯಾಟಿನ್ನಿನ ‘ಇನ್‌ಫೋರ್ಮಾರೆ’. ಶಾಸ್ತ್ರವನ್ನು ಸೂಚಿಸುವ ಕೊನೆಯ ಪ್ರತ್ಯಯ ಮತ್ತೆ ಗ್ರೀಕ್ ಮೂಲದ್ದು.

ಇಂಥ ಬೆರಕೆ ಅಶುದ್ಧವೆಂಬ ಆಕ್ಷೇಪ ಹಳೆಯದು. ಕನ್ನಡ ವ್ಯಾಕರಣಕ್ಕೂ ಈ ಚರ್ಚೆ ಪರಿಚಿತ: 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ-ಕನ್ನಡ ಪದಗಳ ಕೂಡಿಕೆಯನ್ನು ಅರಿಸಮಾಸವೆಂದು ನಿಷೇಧಿಸಿದರೂ ಬಿರುದುಗಳಿಗೂ ಪೂರ್ವಕವಿಗಳ ಪ್ರಯೋಗಗಳಿಗೂ ವಿನಾಯಿತಿ ಕೊಟ್ಟ. ಕನ್ನಡದ ‘ಮಳೆ’ಗೆ ಸಂಸ್ಕೃತದ ‘ಕಾಲ’ ಸೇರಿದ ‘ಮಳೆಗಾಲ’ವನ್ನು ಇಂದು ಯಾರೂ ತಪ್ಪೆನ್ನುವುದಿಲ್ಲ. ಪದವೊಂದು ಸಾಧುವೆನಿಸುವುದು ರಕ್ತಶುದ್ಧಿಯಿಂದಲ್ಲ, ಬಳಕೆಯಿಂದ.

ಮೂಲಧಾತುಗಳಾದರೂ ಅರ್ಥವನ್ನು ಕಟ್ಟಿಹಾಕಬೇಕಲ್ಲವೇ ಎನ್ನಬಹುದು. ಅದೂ ನಿಲ್ಲದು. ನೆದರ್ಲೆಂಡ್ಸ್‌ನ ಪೌಲೀನ್ ಹೋಗೆವೆಗ್ ಮತ್ತು ಬೆನ್ ಹೆಸ್ಪರ್ 1970ರಲ್ಲಿ ಈ ಪದವನ್ನು ಬಳಸಿದ್ದು ಜೀವವ್ಯವಸ್ಥೆಗಳೊಳಗೆ ಮಾಹಿತಿ ಸಾಗುವ ಪ್ರಕ್ರಿಯೆಗಳ ಅಧ್ಯಯನಕ್ಕೆ. ಜೀನೋಮ್ ದತ್ತಾಂಶ ಬೆಳೆದಂತೆ ಇಂದಿನ ಅರ್ಥ ಮುಂದೆ ಬಂತು. ಧಾತುಗಳು ಮಾತ್ರ ಬದಲಾಗಲಿಲ್ಲ. ಹಾಗೆಂದು ವ್ಯುತ್ಪತ್ತಿ ನಿರುಪಯೋಗಿಯಲ್ಲ: ‘ಬಿಯೊಸ್’ ತಿಳಿದವರಿಗೆ ಬಯೋಟೆಕ್ನಾಲಜಿ, ಬಯೋಪ್ಸಿ, ಆ್ಯಂಟಿಬಯಾಟಿಕ್ ಒಂದೇ ಕುಲದವೆಂದು ಕಾಣುತ್ತದೆ. ಅದು ಪದಗಳ ನಂಟನ್ನು ತೋರಿಸುತ್ತದೆ; ಅರ್ಥವನ್ನು ನಿರ್ಧರಿಸುವುದು ಆಯಾ ಶಾಸ್ತ್ರದ ಕೆಲಸವೇ.