ಹಳೇ ಮನೆಯ ಖಾಲಿ ಕೋಣೆಯಲ್ಲಿ ಕಾಳು ಇಡಲು ಗುಳಿಗೆ ಹಾಕಿದರೆ ಸಾಕೇ? ದೀಪ ಉರಿದರೆ ಹಗೇವಿಗೆ ಇಳಿಯಬಹುದೇ?

ಸಾರಾಂಶ

ಹಳೇ ಮನೆಯ ಖಾಲಿ ಜಾಗವನ್ನು ಉಗ್ರಾಣ ಮಾಡಿಕೊಳ್ಳುವ ಬಗ್ಗೆ ಜನ ನಂಬಿ ಹಂಚಿಕೊಳ್ಳುವ ಮೂರು ಮಾತುಗಳನ್ನು ನಾವು ಪರಿಶೀಲಿಸಿದ್ದೇವೆ. ಕೋಣೆಯನ್ನು ಬಳಸುವುದು ಸರಿ. ಆದರೆ ವಾಸದ ಮನೆಯೊಳಗೆ ಕಾಳಿನ ಗುಳಿಗೆ ಇಡುವುದು, ದೀಪ ಉರಿಯಿತೆಂದು ಹಗೇವಿಗೆ ಇಳಿಯುವುದು ಎರಡೂ ಪ್ರಾಣಕ್ಕೇ ಅಪಾಯ.

ಯಾದಗಿರಿ, ಶಹಾಪುರ, ಸುರಪುರ ಭಾಗದ ಹಳೇ ಮಾಳಿಗೆ ಮನೆಗಳಲ್ಲಿ ಕಿಟಕಿಯಿಲ್ಲದ ಒಳಕೋಣೆ, ಕೆಲವು ಕಡೆ ನೆಲದಡಿಯ ಹಗೇವು ಈಗಲೂ ಉಂಟು. ವರ್ಷದ ಜೋಳ, ತೊಗರಿ ಇಡಲು ಹಿರಿಯರು ಮಾಡಿಕೊಂಡ ವ್ಯವಸ್ಥೆ ಅದು. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಭತ್ತವೂ ಸೇರಿತು. ಈಗ ಖಾಲಿ ಬಿದ್ದಿರುವ ಆ ಜಾಗವನ್ನು ಮತ್ತೆ ಬಳಸುವ ಮುನ್ನ ಇದನ್ನು ಓದಿ.

ದಪ್ಪ ಗೋಡೆಯ ತಂಪು ಕೋಣೆಯಲ್ಲಿ ಕಾಳು ಕೆಡುವುದಿಲ್ಲವೇ?

ಇದು ಅರ್ಧ ಸತ್ಯ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಲ್ಲು-ಮಣ್ಣಿನ ದಪ್ಪ ಗೋಡೆ ಆ ಬಿಸಿಯನ್ನು ತಡೆಯುತ್ತದೆ. ಆದರೆ ಕಾಳು ಕೆಡಲು ಮುಖ್ಯ ಕಾರಣ ತೇವ. ಮಳೆಗಾಲದಲ್ಲಿ ನೆಲ ಮತ್ತು ಗೋಡೆ ತೇವ ಎಳೆದುಕೊಳ್ಳುತ್ತವೆ. ಗೋಡೆಗೆ ತಾಗಿದ ಚೀಲದೊಳಗೆ ಆ ತೇವ ಇಳಿದು ಬೂಷ್ಟು, ನುಸಿ ಎರಡೂ ಬರುತ್ತವೆ. ಜೋಳದಲ್ಲಿ ತೇವಾಂಶ ಶೇ. 12 ಮೀರಬಾರದು.

ಕೋಣೆಯಲ್ಲಿ ಗುಳಿಗೆ ಇಟ್ಟು ಬಾಗಿಲು ಹಾಕಿದರೆ ಸಾಕೇ?

ಇಲ್ಲ. ಕಾಳಿಗೆ ಹಾಕುವ ಈ ಗುಳಿಗೆಯಲ್ಲಿರುವುದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದ ಕೂಡಲೇ ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿದರೂ ಅನಿಲ ನಿಲ್ಲುವುದಿಲ್ಲ. ಹಳೇ ಬಾಗಿಲಿನ ಸಂದು, ಗೋಡೆಯ ಬಿರುಕು, ಅಟ್ಟದ ಕಿಂಡಿಯಿಂದ ಪಕ್ಕದ ಕೋಣೆಯಲ್ಲಿ ಮಲಗಿದವರವರೆಗೂ ಹೋಗುತ್ತದೆ.

"ವಾಸನೆ ಬಂದರೆ ಗೊತ್ತಾಗುತ್ತದಲ್ಲ" ಎನ್ನುವವರಿದ್ದಾರೆ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬರಬಹುದು, ಬಾರದೆಯೂ ಇರಬಹುದು. ಮಲಗಿದವರಿಗಂತೂ ತಿಳಿಯುವುದಿಲ್ಲ. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಅದಕ್ಕೇ ಭಾರತದಲ್ಲಿ ಇದರ ಬಳಕೆಗೆ ನಿರ್ಬಂಧವಿದೆ. ಸರ್ಕಾರಿ ಸಂಸ್ಥೆಗಳು ಮತ್ತು ಕೀಟ ನಿಯಂತ್ರಣದವರು ಮಾತ್ರ ಅನುಮೋದಿತ ತಜ್ಞರ ಮೇಲ್ವಿಚಾರಣೆಯಲ್ಲಿ ಬಳಸಬೇಕು. ಅಂಗಡಿಯಲ್ಲಿ ಸಿಕ್ಕಿತು ಎಂದರೆ ಮನೆಯಲ್ಲಿ ಬಳಸಬಹುದು ಎಂದಲ್ಲ.

ದೀಪ ಉರಿದರೆ ಹಗೇವಿಗೆ ಇಳಿಯಬಹುದೇ?

ಹಗೇವಿನಲ್ಲಿ ಕಾಳು ಕೆಡದಿರಲು ಕಾರಣವಿದೆ. ಬಾಯಿ ಮುಚ್ಚಿದ ಮೇಲೆ ಕಾಳು, ಹುಳ, ಬೂಷ್ಟು ಎಲ್ಲ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಸಾಯುತ್ತದೆ. ಇಳಿದ ಮನುಷ್ಯನನ್ನೂ ಅದೇ ಗಾಳಿ ಕೊಲ್ಲುತ್ತದೆ.

ದೀಪ ಇಳಿಬಿಡುವುದು ಹಿರಿಯರ ಪರೀಕ್ಷೆ. ದೀಪ ಆರಿದರೆ ಅಪಾಯ ಖಚಿತ. ಉರಿದರೆ ಸುರಕ್ಷಿತ ಎನ್ನಲಾಗದು. ಹೊರಗಿನ ಗಾಳಿಯಲ್ಲಿ ಸುಮಾರು ಶೇ. 21 ಆಮ್ಲಜನಕ ಇರುತ್ತದೆ. ಅದು ಶೇ. 17ಕ್ಕೆ ಇಳಿದರೂ ದೀಪ ಉರಿಯಬಹುದು. ಅಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 4ರ ಆಸುಪಾಸು ತಲುಪಿರಬಹುದು. ಅದು ಪ್ರಾಣಾಪಾಯದ ಮಟ್ಟ. ಈ ಅನಿಲ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಹಾಗಾಗಿ ಬಾಯಿ ತೆರೆದಿಟ್ಟ ಮಾತ್ರಕ್ಕೆ ಹೋಗಿಬಿಡುವುದಿಲ್ಲ.

ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಇಳಿಯಬೇಡಿ. ಎತ್ತಲು ಹೋದವರೂ ಹೀಗೆಯೇ ಸಾಯುತ್ತಾರೆ. ಕೂಡಲೇ 112ಕ್ಕೆ ಕರೆ ಮಾಡಿ.

ಹಾಗಾದರೆ ಏನು ಮಾಡಬೇಕು?

- ಮೊದಲು ಬಿರುಕು, ಇಲಿ ಬಿಲ ಮುಚ್ಚಿ, ಸುಣ್ಣ ಬಳಿದು, ಕೋಣೆ ಪೂರ್ತಿ ಒಣಗಲು ಬಿಡಿ.
- ಕಾಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆರಿದ ಮೇಲೆ ತುಂಬಿ. ಹಲ್ಲಿನಲ್ಲಿ ಕಡಿದರೆ ಕಟ್ ಎಂದು ಒಡೆಯಬೇಕು.
- ಚೀಲಗಳನ್ನು ಹಲಗೆ ಮೇಲಿಡಿ. ಪರಸಿ ಹಾಸಿದ ನೆಲವಾದರೂ ನೇರ ಇಡಬೇಡಿ. ಗೋಡೆಯಿಂದ ಒಂದು ಅಡಿ ದೂರವಿರಲಿ.
- ಗಾಳಿಯಾಡದ ಡಬ್ಬಿ ಅಥವಾ ಒಳಗೆ ಪ್ಲಾಸ್ಟಿಕ್ ಪದರಗಳಿರುವ ಗಾಳಿಯಾಡದ ಚೀಲ ಬಳಸಿ, ತುಂಬಾ ತುಂಬಿ ಬಿಗಿಯಾಗಿ ಮುಚ್ಚಿ. ಹಗೇವಿನ ಗುಟ್ಟೇ ಇಲ್ಲಿಯೂ ಕೆಲಸ ಮಾಡುತ್ತದೆ, ಯಾರೂ ಒಳಗೆ ಇಳಿಯಬೇಕಿಲ್ಲ.
- ಒಣಗಿದ ಬೇವಿನ ಎಲೆ ಸ್ವಲ್ಪ ಮಟ್ಟಿಗೆ ಹುಳವನ್ನು ದೂರ ಇಡುತ್ತದೆ. ಕಾಳಿನೊಳಗೆ ಸೇರಿಕೊಂಡ ಹುಳವನ್ನು ಕೊಲ್ಲುವುದಿಲ್ಲ.
- ಹಗೇವು ಬಳಸದಿದ್ದರೆ ಒಳಗೆ ಇಳಿಯದೆ ಮೇಲಿನಿಂದಲೇ ಮಣ್ಣು ತುಂಬಿಸಿ ಮುಚ್ಚಿ.

ಮನೆಯಲ್ಲಿ ಈಗಾಗಲೇ ಗುಳಿಗೆ ಇಟ್ಟಿದ್ದರೆ ಎಲ್ಲರೂ ಹೊರಗೆ ಬನ್ನಿ. ಗುಳಿಗೆ ಮೇಲೆ ನೀರು ಹಾಕಬೇಡಿ, ಅನಿಲ ಇನ್ನೂ ಜೋರಾಗಿ ಬರುತ್ತದೆ. ವಾಂತಿ, ತಲೆಸುತ್ತು, ಎದೆ ಬಿಗಿತ, ಉಸಿರುಕಟ್ಟುವಿಕೆ ಕಂಡರೆ 108ಕ್ಕೆ ಕರೆ ಮಾಡಿ, ಕಾಳಿಗೆ ಗುಳಿಗೆ ಇಟ್ಟಿದ್ದನ್ನು ವೈದ್ಯರಿಗೆ ತಪ್ಪದೇ ಹೇಳಿ. ಹೇಳದಿದ್ದರೆ ಊಟ ಕೆಟ್ಟಿರಬೇಕು ಎಂದುಕೊಳ್ಳುವ ಸಾಧ್ಯತೆ ಇದೆ.

ನಮ್ಮ ನಿರ್ಣಯ

ತಂಪು ಕೋಣೆಯಲ್ಲಿ ಕಾಳು ಕೆಡದು: ಅರ್ಧ ಸತ್ಯ. ವಾಸದ ಮನೆಯಲ್ಲಿ ಗುಳಿಗೆ ಇಡಬಹುದು: ಸುಳ್ಳು, ಅಪಾಯಕಾರಿ. ದೀಪ ಉರಿದರೆ ಹಗೇವಿಗೆ ಇಳಿಯಬಹುದು: ಸುಳ್ಳು, ಅಪಾಯಕಾರಿ.

ಸುಗ್ಗಿಯ ಹೊತ್ತಿಗೆ ಮನೆಯ ಗ್ರೂಪಿನಲ್ಲಿ ಗುಳಿಗೆಯ ಸಲಹೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ಇದನ್ನು ಕಳಿಸಿ.