‘ಇನ್‌ಕ್ರೀಸ್’ ಎಂಬ ಮಾತು: ನಮ್ಮ ಬೆಳೆ, ನಮ್ಮ ಬಡ್ಡಿ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಬೆಳವಣಿಗೆಯ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ. ಷೇರು ಎಷ್ಟು, ಠೇವಣಿ ಎಷ್ಟು ಎಂಬ ಲೆಕ್ಕ ವರದಿಯಲ್ಲಿ ಇದ್ದೇ ಇದೆ. ನಾವು ಹೇಳಹೊರಟಿರುವುದು ಒಂದು ಪದದ ಚರಿತ್ರೆ. ‘ಗೊಬ್ಬರದ ರೇಟು ಇನ್‌ಕ್ರೀಸ್ ಆಗೈತೆ’, ‘ಸಾಲದ ಲಿಮಿಟ್ ಇನ್‌ಕ್ರೀಸ್ ಮಾಡ್ಸಿ’ ಅಂತ ನಾವೆಲ್ಲ ಆಡುವ ಇಂಗ್ಲಿಷ್ ಮಾತು ಅದು.

ಈ ಮಾತಿನ ಬೇರು ಹಳೆಯ ರೋಮ್ ದೇಶದ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಕ್ರೆಸ್ಕೆರೆ’ ಎಂದರೆ ಬೆಳೆಯುವುದು. ಅದಕ್ಕೆ ‘ಇನ್’ ಸೇರಿ ‘ಇನ್‌ಕ್ರೆಸ್ಕೆರೆ’ ಆಯಿತು. ಇದು ಫ್ರಾನ್ಸಿಗೆ ಹೋಗಿ ರೂಪ ಬದಲಿಸಿತು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತುಗಳು ಇಂಗ್ಲಿಷಿಗೆ ನುಗ್ಗಿದವು. ಹದಿನಾಲ್ಕನೇ ಶತಮಾನದ ಹೊತ್ತಿಗೆ ಈ ಮಾತೂ ಅಲ್ಲಿ ನೆಲೆಯೂರಿತ್ತು.

ಇದರ ಬಂಧುಬಳಗ ದೊಡ್ಡದು. ನೌಕರರಿಗೆ ಸಿಗುವ ಇನ್‌ಕ್ರಿಮೆಂಟ್ ಇದೇ ಮನೆಯದು. ಬಿದಿಗೆ ಚಂದ್ರನ ಆಕಾರಕ್ಕೆ ಹೇಳುವ ಕ್ರೆಸೆಂಟ್ ಎಂದರೆ ಮೂಲದಲ್ಲಿ ‘ಬೆಳೆಯುತ್ತಿರುವುದು’. ಮನೆ ಕಟ್ಟುವ ಕಾಂಕ್ರೀಟ್ ಎಂದರೆ ‘ಒಟ್ಟಿಗೆ ಬೆಳೆದು ಗಟ್ಟಿಯಾದದ್ದು’. ಆಡಿಟ್ ಸಾಹೇಬರು ಬರೆಯುವ ಅಕ್ರೂಡ್ ಇಂಟರೆಸ್ಟ್, ಅಂದರೆ ಬರಬೇಕಾದ ಬಡ್ಡಿ, ಅದರಲ್ಲಿರುವ ‘ಅಕ್ರೂ’ ಕೂಡ ಇದೇ ಬೇರಿನ ಚಿಗುರು.

ರೈತರಾದ ನಮಗೆ ಹತ್ತಿರವಾದ ಸಂಗತಿ ಇನ್ನೊಂದಿದೆ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಹೊಲದ ಫಸಲಿಗೆ ಇನ್‌ಕ್ರೀಸ್ ಎಂದೇ ಕರೆದಿದ್ದಾರೆ. ಹಸು ಹಾಕಿದ ಕರುವೂ ಇನ್‌ಕ್ರೀಸ್. ನಮ್ಮಲ್ಲೂ ಹಾಗೇ ತಾನೇ? ಪೈರು ಬೆಳೆಯುವುದಕ್ಕೂ ‘ಬೆಳೆ’, ಕೈಗೆ ಬಂದ ಫಸಲಿಗೂ ‘ಬೆಳೆ’. ಕಣದಲ್ಲಿ ರಾಶಿ ಅಳೆಯುವಾಗ ನಮ್ಮ ಹಿರೀಕರು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ರಾಶಿ ಹುಲುಸಾಗಲಿ ಎಂಬ ಆಸೆ ಅದು.

ಅದೇ ಬೈಬಲಿನಲ್ಲಿ ಈ ಮಾತಿಗೆ ಮತ್ತೊಂದು ಅರ್ಥವೂ ಇದೆ: ಬಡ್ಡಿ. ಬಡವನಾದ ಸೋದರನಿಂದ ಇನ್‌ಕ್ರೀಸ್ ತೆಗೆದುಕೊಳ್ಳಬೇಡ ಎಂಬ ಅಪ್ಪಣೆ ಅಲ್ಲಿದೆ. ಗ್ರೀಕರ ‘ಟೋಕೋಸ್’ ಎಂಬ ಮಾತಿಗೆ ಸಂತಾನ ಎಂದೂ ಅರ್ಥ, ಬಡ್ಡಿ ಎಂದೂ ಅರ್ಥ. ಹಣದಿಂದ ಹಣವನ್ನೇ ಹುಟ್ಟಿಸುವುದು ಪ್ರಕೃತಿಗೆ ವಿರುದ್ಧವೆಂದು ಅವರ ಪಂಡಿತ ಅರಿಸ್ಟಾಟಲ್ ಬೈದಿದ್ದಾನೆ. ನಮ್ಮ ‘ಬಡ್ಡಿ’ ಎಲ್ಲಿಂದ ಬಂತು? ಶಾಲೆಯಲ್ಲಿ ಕಲಿತ ತತ್ಸಮ-ತದ್ಭವ ನೆನಪು ಮಾಡಿಕೊಳ್ಳಿ. ಸಂಸ್ಕೃತದ ‘ವೃದ್ಧಿ’ಯೇ ಕನ್ನಡದಲ್ಲಿ ‘ಬಡ್ಡಿ’. ವೃದ್ಧಿ ಎಂದರೂ ಬೆಳೆಯುವುದೇ!

ಹೀಗೆ ದೇಶದೇಶಗಳಲ್ಲಿ ಹೊಲದ ಮಾತನ್ನೇ ಎತ್ತಿ ಹಣಕ್ಕೆ ಇಟ್ಟರು. ಆದರೆ ಎರಡೂ ಒಂದೇ ರೀತಿ ಬೆಳೆಯೋದಿಲ್ಲ. ರಾಗಿಗೆ ಮಳೆ ಬೇಕು, ಗೊಬ್ಬರ ಬೇಕು, ಕಾಲ ಬಂದಾಗ ಕೊಯ್ಲು ಆಗಿ ಬೆಳೆ ಮುಗಿಯುತ್ತದೆ. ಬಡ್ಡಿಗೆ ಬರಗಾಲವಿಲ್ಲ, ಕೊಯ್ಲೂ ಇಲ್ಲ. ನೂರಕ್ಕೆ ತಿಂಗಳಿಗೆ 2 ರೂಪಾಯಿಯಂತೆ ಲೆಕ್ಕ ಹಾಕಿ ನೋಡಿ, 50 ತಿಂಗಳಿಗೆ ಬಡ್ಡಿಯೇ ನೂರು ರೂಪಾಯಿ. ಚಕ್ರಬಡ್ಡಿಯಾದರೆ ಅಷ್ಟು ದಿನವೂ ಬೇಡ.

ಆದ್ದರಿಂದಲೇ ಹಿಂದಿನವರು ಇದಕ್ಕೆ ಬೇಲಿ ಹಾಕಲು ನೋಡಿದರು. ಒಂದೇ ಸಲ ವಸೂಲು ಮಾಡುವಾಗ ಅಸಲು ಬಡ್ಡಿ ಸೇರಿ ಕೊಟ್ಟದ್ದರ ಎರಡರಷ್ಟನ್ನು ಮೀರಬಾರದೆಂದು ಮನುಸ್ಮೃತಿ ಹೇಳುತ್ತದೆ. ಇದಕ್ಕೆ ದಾಮ್‌ದುಪ್ಪಟ್ ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದ ನ್ಯಾಯಾಲಯಗಳೂ ಇದನ್ನು ಮಾನ್ಯ ಮಾಡಿದ್ದವು. ಆದರೂ ರೈತರ ಗೋಳು ತಪ್ಪಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. 1879ರಲ್ಲಿ ಸರ್ಕಾರ ದಖ್ಖನಿನ ರೈತರ ಪರಿಹಾರಕ್ಕೆಂದೇ ಕಾಯಿದೆ ತಂದಿತು.

ಕಾಯಿದೆಯಿಂದ ಸಾಹುಕಾರನ ಕೈ ಕಟ್ಟಬಹುದು. ಬಿತ್ತನೆ ಹೊತ್ತಿಗೆ ರೈತನ ಕೈಗೆ ದುಡ್ಡು ಕೊಡುವವರು ಯಾರು? ಆ ದಾರಿಯನ್ನು ತೋರಿಸಿದ್ದು 1904ರ ಸಹಕಾರ ಸಂಘಗಳ ಕಾಯಿದೆ. ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲ ಕೊಡುವವರೂ ನಾವೇ, ತೆಗೆದುಕೊಳ್ಳುವವರೂ ನಾವೇ, ಬಡ್ಡಿ ಎಷ್ಟಿರಬೇಕು ಅಂತ ಕೂತು ಮಾತಾಡುವವರೂ ನಾವೇ ಎಂಬುದು ಅದರ ತತ್ವ. ನಮ್ಮ ಸಂಘವೂ ಅದೇ ಬಳ್ಳಿಯ ಕುಡಿ.

ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಮಹಾಸಭೆಯಲ್ಲಿ ‘ಈ ವರ್ಷ ಇಷ್ಟು ಇನ್‌ಕ್ರೀಸ್ ಆಗಿದೆ’ ಎಂದು ಓದಿದಾಗ ಚಪ್ಪಾಳೆಗೆ ಮುಂಚೆ ಒಂದು ಮಾತು ಕೇಳಿ: ಹೆಚ್ಚಾದದ್ದು ಯಾವುದು, ಬೆಳೆಯೋ ಬಾಕಿಯೋ? ಠೇವಣಿ ಹೆಚ್ಚಿದರೆ ಸಂತೋಷ. ಸುಸ್ತಿ ಬಾಕಿ ಹೆಚ್ಚಿದರೆ ಅದೂ ಬೆಳವಣಿಗೆಯೇ, ಕಳೆಯ ಬೆಳವಣಿಗೆ. ತೆಗೆದ ಸಾಲವನ್ನು ವಾಯಿದೆಗೆ ಕಟ್ಟಿದರೆ ಮುಂದಿನ ಮುಂಗಾರಿಗೆ ಇನ್ನೊಬ್ಬ ರೈತನ ಹೊಲಕ್ಕೆ ಬೀಜ ಬೀಳುತ್ತದೆ. ಹೊಲದಲ್ಲಿ ಹೆಚ್ಚಿದ್ದು ಸಂಘದಲ್ಲೂ ಹೆಚ್ಚಲಿ, ಸಂಘದಲ್ಲಿ ಹೆಚ್ಚಿದ್ದು ಮತ್ತೆ ಹೊಲಕ್ಕೇ ಬರಲಿ ಎಂದು ಹಾರೈಸುತ್ತೇವೆ.